ಹಬ್ಬದ ದಿನದ ಮಾನಸಾಂತರವೂ ಆಮೇಲಿನ ವರ್ಷಗಳೂ

ಪ್ರಶ್ನೆ: ಮೈಸೂರಿನ ಓದುಗ

ಎಲ್ಲರಿಗೂ ನಮಸ್ಕಾರ, ಕ್ರಿಸ್ಮಸ್ ಹಬ್ಬದ ಶುಭಾಶಯಗಳು.

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಕೆಲವರು ಎದ್ದು ನಿಂತು ಸಾಕ್ಷಿ ಹೇಳುವ ಪದ್ಧತಿ ನನಗೆ ತಿಳುವಳಿಕೆ ಬಂದಾಗಿನಿಂದಲೂ ಇದೆ. ಈ ವರ್ಷ ನಾನೂ ಹೇಳಬೇಕೆಂದು ಸಭೆಯ ಹಿರಿಯರು ಕೇಳಿದ್ದಾರೆ, ನಾನು ಒಪ್ಪಿಕೊಂಡಿದ್ದೇನೆ. ಆದರೆ ಬರೆಯಲು ಕುಳಿತರೆ ಹೇಳುವಂಥದ್ದು ಏನೂ ಇಲ್ಲವೆಂದು ತೋರುತ್ತಿದೆ. ಸಾಕ್ಷಿ ಎಂದರೆ ನಾವು ಕೇಳಿ ಬೆಳೆದದ್ದು ಎರಡು ಭಾಗದ ಕಥೆಯನ್ನು. ಪೂರ್ವಾರ್ಧದಲ್ಲಿ ಕುಡಿತ, ಸಾಲ, ಮನೆಯಲ್ಲಿ ಹೊಡೆದಾಟ, ಆಮೇಲೆ ಒಂದು ರಾತ್ರಿ, ಒಂದು ಪ್ರಾರ್ಥನೆ, ಕಣ್ಣೀರು, ಉತ್ತರಾರ್ಧದಲ್ಲಿ ನೆಮ್ಮದಿ. ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಅಂಥ ಬದುಕುಗಳು ನಮ್ಮ ಸಭೆಯಲ್ಲಿಯೇ ಇವೆ, ಆ ಮನೆಗಳ ಹೆಂಗಸರೂ ಮಕ್ಕಳೂ ಈಗ ನಿರ್ಭಯವಾಗಿ ಓಡಾಡುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಆದರೆ ಕೈಗೂಸಾಗಿದ್ದಾಗಲೇ ದೀಕ್ಷಾಸ್ನಾನ ಪಡೆದು, ಭಾನುವಾರದ ಶಾಲೆಯಲ್ಲಿ ವಚನಗಳನ್ನು ಬಾಯಿಪಾಠ ಮಾಡಿ, ನೌಕರಿ, ಮದುವೆ, ಮಕ್ಕಳು ಎಂದು ಎಲ್ಲರಂತೆ ನಡುವಯಸ್ಸಿಗೆ ಬಂದಿರುವ ನನ್ನಂಥ ಹುಟ್ಟುಕ್ರೈಸ್ತರಿಗೆ ಆ ಪೂರ್ವಾರ್ಧವೇ ಇಲ್ಲ. ಪೂರ್ವಾರ್ಧ ಇಲ್ಲದಿದ್ದರೆ ಉತ್ತರಾರ್ಧ ಎಲ್ಲಿಂದ ಶುರುವಾಯಿತೆಂದು ಹೇಳುವುದು ಹೇಗೆ?

ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿಯಾಗಿದ್ದಾನೆಂದು ಪೌಲನು ಕೊರಿಂಥದವರಿಗೆ ಬರೆದ. ಆ ನೂತನತೆ ಒಂದು ಕ್ಷಣದಲ್ಲಿ ಆಗಿಹೋಗುತ್ತದೆಯೇ, ಅಥವಾ ಬಹಳ ವರ್ಷ ಹಿಡಿಯುತ್ತದೆಯೇ? ಆಯಿತೆಂದು ಹೇಳುವ ಅಧಿಕಾರ ಯಾರದು? ಪ್ರಸಂಗದ ಉತ್ತರಗಳು ನನಗೆ ಗೊತ್ತಿವೆ, ದಯವಿಟ್ಟು ಅವುಗಳನ್ನು ಬಿಡಿ. ಹೇಳಿದವರ ಮಾತನ್ನಷ್ಟೇ ನಂಬದೆ ಮುಂದೆ ಏನಾಯಿತೆಂದು ಪರೀಕ್ಷಿಸಿ ನೋಡಬಹುದಾದಂಥ, ದಾಖಲೆಯಿರುವ ಬದುಕುಗಳು ನಿಮಗೆ ತಿಳಿದಿದ್ದರೆ ಬರೆಯಿರಿ.


ಉತ್ತರ: ಬೆಂಗಳೂರಿನ ನಿವೃತ್ತ ಫ್ರೆಂಚ್ ಉಪನ್ಯಾಸಕಿ

ನೀವು ಕೇಳಿದ ಬಗೆಯ ಎರಡು ಬದುಕುಗಳಿವೆ, ಎರಡೂ ಒಂದೇ ದಿನ ತಿರುಗಿದವು: 1886ರ ಡಿಸೆಂಬರ್ 25. ಇಬ್ಬರೂ ಫ್ರಾನ್ಸಿನವರು, ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ.

ಮೊದಲನೆಯದು ಪಾಲ್ ಕ್ಲೋದೆಲ್ ಅವರದು. ಮುಂದೆ ಕವಿ, ನಾಟಕಕಾರ ಮತ್ತು ರಾಯಭಾರಿ ಎಂದು ಹೆಸರಾದ ಇವರಿಗೆ ಆಗ ಹದಿನೆಂಟು ವರ್ಷ. ವಿಜ್ಞಾನ ಎಲ್ಲವನ್ನೂ ವಿವರಿಸಿಬಿಟ್ಟಿದೆ ಎಂದು ನಂಬಿದ್ದ ಆ ಕಾಲದ ಪ್ಯಾರಿಸ್‌ನಲ್ಲಿ ಓದಿದ ಹುಡುಗ, ಬಾಲ್ಯದ ನಂಬಿಕೆಯನ್ನು ಎಂದೋ ಬಿಟ್ಟಿದ್ದ. ಹಬ್ಬದ ದಿನ ನೋತ್ರ್ ದಾಮ್ ಮಹಾದೇವಾಲಯಕ್ಕೆ ಹೋದದ್ದು ಭಕ್ತಿಯಿಂದಲ್ಲ. ಅಲ್ಲಿನ ವಿಧಿಗಳಿಂದ ತನ್ನ ಬರವಣಿಗೆಗೆ ಏನಾದರೂ ಸರಕು ಸಿಕ್ಕೀತೆಂಬ ಆಸೆಯಿಂದ. ಬೆಳಗಿನ ಪೂಜೆ ಅಷ್ಟೇನೂ ಹಿಡಿಸಲಿಲ್ಲ. ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ಸಂಜೆಯ ಪ್ರಾರ್ಥನೆಗೆ ಮತ್ತೆ ಬಂದು, ಗಾಯಕವೃಂದದ ಬಳಿಯ ಕಂಬವೊಂದರ ಹತ್ತಿರ ಜನರ ನಡುವೆ ನಿಂತಿದ್ದಾಗ ಹುಡುಗರು ಮರಿಯಮ್ಮನವರ ಸ್ತುತಿಗೀತೆಯನ್ನು ಹಾಡುತ್ತಿದ್ದರು. ಆ ಕ್ಷಣದಲ್ಲಿ ಹೃದಯ ಅಲುಗಿತು, ತಾನು ನಂಬಿದೆ ಎಂದು ಕ್ಲೋದೆಲ್ ಮುಂದೆ ಬರೆದರು. ಇಲ್ಲಿಯವರೆಗೆ ಇದು ನಿಮ್ಮ ಸಭೆಯಲ್ಲಿ ಕೇಳಿಬರುವ ಕಥೆಯಂತೆಯೇ ಇದೆ. ಆದರೆ ಅವರ ಬರಹದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನ ಭಾಗ. ನಂಬಿಕೆ ಹುಟ್ಟಿದರೂ ತಲೆಯಲ್ಲಿದ್ದ ಹಳೆಯ ವಿಚಾರಗಳೆಲ್ಲ ಹಾಗೆಯೇ ಉಳಿದವು, ಅವುಗಳ ತಪ್ಪು ತನಗೆ ಕಾಣಿಸಲಿಲ್ಲ ಎನ್ನುತ್ತಾರೆ. ಮನೆಯವರ ಮತ್ತು ಗೆಳೆಯರ ನಗೆಪಾಟಲಿಗೆ ಹೆದರಿದರು. ನಾಲ್ಕು ವರ್ಷ ಒಳಗೊಳಗೇ ಎದುರಿಸಿ ನಿಂತು, ಕೊನೆಗೆ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದ್ದು 1890ರ ಕ್ರಿಸ್ಮಸ್ ದಿನ, ಅದೇ ದೇವಾಲಯದಲ್ಲಿ. ಒಂದು ಕ್ಷಣವೇ, ಬಹಳ ವರ್ಷವೇ ಎಂದು ಕೇಳಿದಿರಲ್ಲ, ಈ ಒಂದು ಬದುಕಿನಲ್ಲಿಯೇ ಎರಡೂ ಇವೆ.

ಎರಡನೆಯದು ನಾರ್ಮಂಡಿಯ ಲಿಸ್ಯೂ ಪಟ್ಟಣದ ತೆರೇಸಾ ಮಾರ್ತ್ಯಾಂ ಎಂಬ ಹುಡುಗಿಯದು. ಹದಿನಾಲ್ಕು ತುಂಬಲು ಇನ್ನೂ ಒಂದು ವಾರವಿತ್ತು. ಇಂದು ನಮ್ಮ ಎಷ್ಟೋ ಚರ್ಚುಗಳ ಪೀಠದ ಪಕ್ಕದಲ್ಲಿ ಶಿಲುಬೆಯನ್ನೂ ಗುಲಾಬಿಗಳನ್ನೂ ಹಿಡಿದು ನಿಂತಿರುವ ಸಂತ ತೆರೇಸಮ್ಮನವರು ಇವರೇ. ಇವರ ಕಥೆಯಲ್ಲಿ ನೀವು ಹೇಳುವ ಪೂರ್ವಾರ್ಧವೇ ಇಲ್ಲ ಎಂಬುದನ್ನು ಗಮನಿಸಿ. ಭಕ್ತರ ಮನೆ, ಮುದ್ದಿನ ಕಿರಿಯ ಮಗಳು. ನಾಲ್ಕೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡಿದ್ದಳು, ತಾಯಿಯಂತೆ ಸಾಕಿದ ಅಕ್ಕಂದಿರು ಒಬ್ಬೊಬ್ಬರಾಗಿ ಮಠ ಸೇರಿದ್ದರು. ಹೀಗಾಗಿ ಸಣ್ಣ ಮಾತಿಗೂ ಅಳು, ಅತ್ತದ್ದಕ್ಕೆ ಮತ್ತೆ ಅಳು ಎಂಬಂಥ ಸ್ವಭಾವ. ಆ ರಾತ್ರಿ ನಡುರಾತ್ರಿಯ ಪೂಜೆ ಮುಗಿಸಿ ಮನೆಗೆ ಬಂದಾಗ, ಅಲ್ಲಿನ ವಾಡಿಕೆಯಂತೆ ಒಲೆಗೂಡಿನ ಬಳಿ ಇಟ್ಟ ಬೂಟುಗಳಲ್ಲಿ ಉಡುಗೊರೆಗಳಿದ್ದವು. ದಣಿದಿದ್ದ ತಂದೆ, ಸದ್ಯ, ಇದೇ ಕೊನೆಯ ವರ್ಷ ಎಂದು ಬೇಸರದಿಂದ ಅಂದದ್ದು ಮೆಟ್ಟಿಲು ಹತ್ತುತ್ತಿದ್ದ ಅವಳ ಕಿವಿಗೆ ಬಿತ್ತು. ಈಗಲೇ ಕೆಳಗೆ ಹೋಗಬೇಡ ಎಂದು ಅಕ್ಕ ಸೆಲೀನ್ ತಡೆದಳು, ಏಕೆಂದರೆ ಮುಂದೇನಾಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಕಣ್ಣೀರು ನುಂಗಿಕೊಂಡು ಇಳಿದು ಹೋಗಿ, ತಂದೆಯ ಮುಂದೆ ಕುಳಿತು ಒಂದೊಂದೇ ಉಡುಗೊರೆಯನ್ನು ಸಂತೋಷದಿಂದ ತೆಗೆದಳು, ತಂದೆಯೂ ನಕ್ಕರು. ನಡೆದದ್ದು ಇಷ್ಟೇ. ಅದನ್ನು ತನ್ನ ಸಂಪೂರ್ಣ ಮಾನಸಾಂತರವೆಂದು ಅವರು ಆಮೇಲೆ ಬರೆದರು, ತನ್ನನ್ನು ಮರೆಯಬೇಕೆಂಬ ಹಂಬಲ ಅಂದು ಹುಟ್ಟಿತೆಂದರು.

ಅಪ್ಪ ಬೇಸರದಿಂದ ಆಡಿದ ಒಂದು ಮಾತನ್ನು ಸಹಿಸಿಕೊಂಡದ್ದಕ್ಕೆ ಅಷ್ಟು ದೊಡ್ಡ ಹೆಸರೇ ಎಂದು ನೀವು ಕೇಳಬಹುದು. ಅದರ ಬೆಲೆ ತಿಳಿಯುವುದು ಮುಂದಿನ ವರ್ಷಗಳಿಂದ. ಕೆಲವೇ ತಿಂಗಳಲ್ಲಿ ಆ ಹುಡುಗಿ ಪ್ಯಾರಿಸ್‌ನಲ್ಲಿ ಮೂವರನ್ನು ಕೊಂದ ಪ್ರಾಂಜೀನಿ ಎಂಬವನಿಗಾಗಿ ಪ್ರಾರ್ಥಿಸಲು ತೊಡಗಿದಳು. 1887ರ ಆಗಸ್ಟ್ 31ರಂದು ಅವನ ಶಿರಚ್ಛೇದವಾಗುವವರೆಗೂ ಬಿಡಲಿಲ್ಲ. ತನ್ನ ನೋವಿನ ಸುತ್ತಲೇ ತಿರುಗುತ್ತಿದ್ದ ಮಗುವೊಂದು ಎಲ್ಲರೂ ಹೇಸಿದ ಒಬ್ಬ ಕೊಲೆಗಾರನ ಸಾವಿನ ಬಗ್ಗೆ ಯೋಚಿಸಲು ಆರಂಭಿಸಿತು ಎಂಬುದು ನನ್ನ ಕಣ್ಣಿಗೆ ಸಣ್ಣ ಬದಲಾವಣೆಯಲ್ಲ. ಹದಿನೈದಕ್ಕೆ ಕಾರ್ಮೆಲ್ ಮಠ ಸೇರಿದರು, 1897ರಲ್ಲಿ ಇಪ್ಪತ್ತನಾಲ್ಕಕ್ಕೇ ಕ್ಷಯದಿಂದ ತೀರಿಕೊಂಡರು. ಕೊನೆಯ ಸುಮಾರು ಒಂದೂವರೆ ವರ್ಷ ಸ್ವರ್ಗವಿದೆ ಎಂಬ ಅನುಭವವೇ ಅವರಿಗೆ ಇಲ್ಲವಾಗಿತ್ತು. ಒಳಗೆಲ್ಲ ಕತ್ತಲೆ ಎಂದು ಬರೆದರು. ಆ ಕತ್ತಲೆಯಲ್ಲಿಯೂ ಜೊತೆಯ ಸಹೋದರಿಯರೊಡನೆ ಮೃದುವಾಗಿಯೇ ನಡೆದುಕೊಂಡರೆಂಬುದಕ್ಕೆ ಆ ಮಠದವರೇ ಸಾಕ್ಷಿ ನುಡಿದಿದ್ದಾರೆ.


ಉತ್ತರ: ಶಿವಮೊಗ್ಗದ ಸಂದೇಹಿ

ನಾನು ಕ್ರೈಸ್ತನಲ್ಲ, ಯಾವ ಧರ್ಮವನ್ನೂ ಆಚರಿಸುವವನೂ ಅಲ್ಲ. ಆದರೂ ಪ್ರಶ್ನೆ ಪ್ರಾಮಾಣಿಕವಾಗಿದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಮೇಡಂ ಅವರ ಬರಹ ಚೆನ್ನಾಗಿದೆ, ಆದರೆ ಕ್ಲೋದೆಲ್ ಅವರ ಕಥೆಯನ್ನು 1890ಕ್ಕೆ ನಿಲ್ಲಿಸಿದರೆ ಅದು ಅರ್ಧವೇ ಆಗುತ್ತದೆ.

ಕ್ಲೋದೆಲ್ ಅವರಿಗೆ ಕಮಿಲ್ ಎಂಬ ಅಕ್ಕ ಇದ್ದರು. ಕಮಿಲ್ ಕ್ಲೋದೆಲ್ ಶಿಲ್ಪಿ. ಪ್ರಸಿದ್ಧ ಶಿಲ್ಪಿ ರೋದಾನ್ ಅವರ ಶಿಷ್ಯೆಯಾಗಿ, ಸಂಗಾತಿಯಾಗಿ, ಅವರ ಶಿಲ್ಪಶಾಲೆಯಲ್ಲಿ ದುಡಿದವರು, ಸ್ವತಂತ್ರವಾಗಿಯೂ ದೊಡ್ಡ ಪ್ರತಿಭೆ. ಆ ಸಂಬಂಧ ಮುರಿದ ಮೇಲೆ ಒಂಟಿತನ, ಬಡತನ, ತನ್ನ ಕೃತಿಗಳನ್ನು ಕದಿಯಲು ಹೊಂಚು ಹಾಕುತ್ತಿದ್ದಾರೆಂಬ ಭ್ರಮೆ ಎಲ್ಲ ಸೇರಿ ಮನಸ್ಸು ಕೆಟ್ಟಿತು. 1913ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡ ಕೆಲವೇ ದಿನಗಳಲ್ಲಿ ಮನೆಯವರು ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಹೊರಗೆ ಬರಲೇ ಇಲ್ಲ. 1943ರ ಅಕ್ಟೋಬರ್‌ನಲ್ಲಿ ಅವಿನ್ಯೋಂ ಹತ್ತಿರದ ಆಸ್ಪತ್ರೆಯಲ್ಲಿ ಸತ್ತರು, ಮೂವತ್ತು ವರ್ಷಗಳ ನಂತರ. ಮನೆಗೆ ಕರೆದುಕೊಂಡು ಹೋಗಬಹುದೆಂದು ವೈದ್ಯರು ಸೂಚಿಸಿದ ಕಾಲವೂ ಇತ್ತು, ತಾಯಿ ಒಪ್ಪಲಿಲ್ಲ. ತಾಯಿ 1929ರಲ್ಲಿ ತೀರಿಕೊಂಡ ಮೇಲೆ ತಮ್ಮನೂ ಕರೆತರಲಿಲ್ಲ. ಅವರು ನೋಡಲು ಹೋದದ್ದೇ ಅಪರೂಪ. ಬಿಡಿಸಿಕೊಂಡು ಹೋಗಿ ಎಂದು ಆ ಹೆಂಗಸು ಬರೆದ ಪತ್ರಗಳು ಇಂದಿಗೂ ಓದಲು ಸಿಗುತ್ತವೆ. ಕೊನೆಗೆ ಅವರಿಗೆಂದು ಒಂದು ಸಮಾಧಿಯೂ ಉಳಿಯಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ನೋತ್ರ್ ದಾಮ್‌ನ ಆ ಸಂಜೆಯ ವೃತ್ತಾಂತವನ್ನು ಕ್ಲೋದೆಲ್ ಬರೆದು ಪ್ರಕಟಿಸಿದ್ದು ಅದೇ 1913ರಲ್ಲಿ. ಅಂದು ರಾತ್ರಿ ಮನೆಗೆ ಬಂದು ತೆರೆದು ಓದಿದ ಬೈಬಲ್ ಯಾರದೆಂದೂ ಅಲ್ಲಿ ಹೇಳಿದ್ದಾರೆ: ಜರ್ಮನ್ ಗೆಳತಿಯೊಬ್ಬರು ಅಕ್ಕ ಕಮಿಲ್‌ಗೆ ಕೊಟ್ಟಿದ್ದ ಪ್ರತಿ ಅದು. ಅಕ್ಕನ ಬೈಬಲ್‌ನಿಂದ ಬೆಳಕು ಪಡೆದೆ ಎಂದು ತಮ್ಮ ಬರೆದ ವರ್ಷವೇ ಅಕ್ಕನ ಮೇಲೆ ಬಾಗಿಲು ಮುಚ್ಚಿತು. ಅವರು ಕೇಳಿದ ಸ್ತುತಿಗೀತೆಯಲ್ಲಿ ದೇವರು ದೀನರನ್ನು ಮೇಲೆತ್ತುತ್ತಾನೆ ಎಂಬ ಸಾಲು ಇದೆಯಲ್ಲವೇ?

ಆದ್ದರಿಂದ ಮೈಸೂರಿನವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಸಾಕ್ಷಿಯನ್ನು ಬದಲಾದೆ ಎನ್ನುವವರಿಂದ ಕೇಳಬಾರದು, ಅವರ ಪಕ್ಕದಲ್ಲಿ ಬದುಕಿದವರಿಂದ ಕೇಳಬೇಕು. ಕಮಿಲ್ ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ.


ಉತ್ತರ: ಬೆಂಗಳೂರಿನ ನಿವೃತ್ತ ಫ್ರೆಂಚ್ ಉಪನ್ಯಾಸಕಿ

ಶಿವಮೊಗ್ಗದವರು ಹೇಳಿದ ಸಂಗತಿಗಳೆಲ್ಲ ನಿಜ, ಅವುಗಳನ್ನು ನಾನು ಅಲ್ಲಗಳೆಯುವುದಿಲ್ಲ. ತಮ್ಮನ ಪರವಾಗಿ ಹೇಳಬಹುದಾದ ಕೆಲವು ಮಾತುಗಳಿವೆ. ಅವರು ತಮ್ಮ ಉದ್ಯೋಗದ ಬಹುಪಾಲು ವರ್ಷಗಳನ್ನು ಚೀನಾ, ಜಪಾನ್, ಅಮೆರಿಕಗಳಲ್ಲಿ ಕಳೆದರು. ಅಕ್ಕನ ಕಾಯಿಲೆ ಕಟ್ಟುಕಥೆಯಾಗಿರಲಿಲ್ಲ. ಆ ಕಾಲದಲ್ಲಿ ಮಾನಸಿಕ ರೋಗಕ್ಕೆ ಆಸ್ಪತ್ರೆಯ ಗೋಡೆಯನ್ನು ಬಿಟ್ಟರೆ ಬೇರೆ ಚಿಕಿತ್ಸೆ ಹೆಚ್ಚೇನೂ ಇರಲಿಲ್ಲ. ಇಷ್ಟೆಲ್ಲ ಹೇಳಿದರೂ ಲೆಕ್ಕ ಸರಿಹೋಗುವುದಿಲ್ಲ ಎಂಬುದು ನನಗೂ ತಿಳಿದಿದೆ. ಅಕ್ಕನನ್ನು ಕೈಬಿಟ್ಟೆವೆಂಬ ಕೊರಗು ಕೊನೆಗಾಲದಲ್ಲಿ ಅವರಿಗೂ ಇತ್ತು.

ಆದರೆ ಇದರಿಂದ 1886ರ ಆ ಸಂಜೆ ಸುಳ್ಳಾಯಿತೆಂದು ನಾನು ತೀರ್ಮಾನಿಸುವುದಿಲ್ಲ. ಆ ಸಂಜೆ ಇಲ್ಲದಿದ್ದರೆ ಅವರು ಅಕ್ಕನಿಗೆ ಇನ್ನೂ ಒಳ್ಳೆಯ ತಮ್ಮನಾಗುತ್ತಿದ್ದರೆಂದು ಹೇಳಲು ಆಧಾರವೇನಿದೆ? ನನಗೆ ಕಾಣುವುದು ಬೇರೆ. ಅವರ ನಂಬಿಕೆ ಅವರ ಬುದ್ಧಿಯನ್ನು, ಕಾವ್ಯವನ್ನು, ದಿನನಿತ್ಯದ ಪ್ರಾರ್ಥನೆಯನ್ನು ಆಳವಾಗಿ ಹೊಕ್ಕಿತು. ಮನೆಯ ಒಂದು ಕೋಣೆಯೊಳಗೆ ಮಾತ್ರ ಹೋಗಲಿಲ್ಲ, ಅಥವಾ ಅವರು ಬಿಡಲಿಲ್ಲ. ಕುಟುಂಬದ ಮರ್ಯಾದೆ, ಅಕ್ಕನ ಹಳೆಯ ಬದುಕಿನ ಬಗ್ಗೆ ಇದ್ದ ಅಸಮಾಧಾನ, ಹುಚ್ಚಿನ ಭಯ ಇವೆಲ್ಲ ಆ ಬಾಗಿಲಿಗೆ ಅಡ್ಡವಾಗಿದ್ದವು. ತೆರೇಸಮ್ಮನವರಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಅವರ ಮಾನಸಾಂತರ ಮೊದಲು ಹೊಕ್ಕದ್ದೇ ಮನೆಯೊಳಗೆ, ಅಪ್ಪನ ಮುಂದೆ. ಲೋಕಕ್ಕೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಒಂದೇ ದಿನ ಒಂದೇ ಹಬ್ಬದಲ್ಲಿ ತಿರುಗಿದ ಈ ಎರಡು ಬದುಕುಗಳನ್ನು ಜೊತೆಯಾಗಿ ಓದಬೇಕೆಂದು ನಾನು ಬಯಸುವುದು ಈ ಕಾರಣಕ್ಕಾಗಿ.


ಉತ್ತರ: ಧಾರವಾಡದ ಸಭಾಪಾಲಕ

ಬಹಳ ಒಳ್ಳೆಯ ಚರ್ಚೆ. ಕೆಲಸದ ನಡುವೆ ಬರೆಯುತ್ತಿದ್ದೇನೆ. ಈ ವಾರ ಕ್ಯಾರಲ್ ತಂಡದೊಡನೆ ಮನೆಮನೆ ತಿರುಗುವುದರಲ್ಲಿಯೇ ರಾತ್ರಿಗಳು ಕಳೆಯುತ್ತವೆ.

ನಾನೂ ಒಂದು ಬದುಕನ್ನು ಸೇರಿಸುತ್ತೇನೆ. ಇಂಗ್ಲೆಂಡಿನ ಜಾನ್ ನ್ಯೂಟನ್ ಅವರ ಹೆಸರನ್ನು ಪ್ರಸಂಗಗಳಲ್ಲಿ ಎಲ್ಲರೂ ಕೇಳಿರುತ್ತೀರಿ. ಗುಲಾಮರ ವ್ಯಾಪಾರಿಯಾಗಿದ್ದ ನಾವಿಕ, 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್‌ನ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ, ಬದಲಾದ, ಗುಲಾಮಗಿರಿಯ ವಿರುದ್ಧ ಹೋರಾಡಿದ ಎಂದು ನಾವು ಪ್ರಸಂಗಿಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ನಡುವೆ ನಲವತ್ತು ವರ್ಷಗಳಿದ್ದವು. ಬಿರುಗಾಳಿಯಿಂದ ಬದುಕಿ ಬಂದ ಮೇಲೆಯೇ ನ್ಯೂಟನ್ ಗುಲಾಮರ ಹಡಗಿನ ಕಪ್ತಾನರಾದದ್ದು. 1750ರಿಂದ 1754ರವರೆಗೆ ಮೂರು ಸಲ ಆಫ್ರಿಕಾಕ್ಕೆ ಹೋಗಿ ಮನುಷ್ಯರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದರು. ಹಡಗಿನ ಮೇಲೆ ಭಾನುವಾರ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದರು, ಹೆಂಡತಿಗೆ ಭಕ್ತಿಯ ಪತ್ರ ಬರೆಯುತ್ತಿದ್ದರು. ಹಲಗೆಯ ಕೆಳಗೆ ಸಂಕೋಲೆ ತೊಟ್ಟ ಗಂಡಸರು ಮಲಗಿದ್ದರು. ಆ ವ್ಯಾಪಾರ ನಿಂತದ್ದೂ ಮನಸ್ಸಾಕ್ಷಿಯಿಂದಲ್ಲ, ಆರೋಗ್ಯ ಕೆಟ್ಟದ್ದರಿಂದ. 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿನ ಸಭಾಪಾಲಕರಾದರು. ಆಮೇಲೆಯೂ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಒಂದು ಪುಸ್ತಿಕೆ ಬರೆಯಲು 1788 ಬರಬೇಕಾಯಿತು. ಗುಲಾಮರನ್ನು ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಒತ್ತಾಗಿ ಮಲಗಿಸುತ್ತಿದ್ದೆವೆಂದು ಅದರಲ್ಲಿ ಬರೆದರು, ಈಗ ನೆನೆದರೆ ನಡುಗುವ ವ್ಯವಹಾರದಲ್ಲಿ ತಾನೇ ಕೈಯಾಡಿಸಿದ್ದೆನೆಂದು ಒಪ್ಪಿಕೊಂಡರು. ಸಂಸತ್ತಿನ ವಿಚಾರಣೆಯಲ್ಲಿಯೂ ಸಾಕ್ಷಿ ನುಡಿದರು. ಬ್ರಿಟನ್ ಆ ವ್ಯಾಪಾರವನ್ನು 1807ರ ಮಾರ್ಚ್‌ನಲ್ಲಿ ನಿಷೇಧಿಸಿತು. ನ್ಯೂಟನ್ ಅದೇ ವರ್ಷ ಡಿಸೆಂಬರ್ 21ರಂದು, ಕ್ರಿಸ್ಮಸ್ ಹಬ್ಬಕ್ಕೆ ನಾಲ್ಕು ದಿನವಿರುವಾಗ ತೀರಿಕೊಂಡರು.

ಪ್ರಾರ್ಥಿಸುತ್ತಿದ್ದ ಆ ಕಪ್ತಾನ ಕಪಟಿಯೇ? ನಾನು ಹಾಗೆ ಭಾವಿಸುವುದಿಲ್ಲ. ಆಣೆ ಇಡುವುದು, ಕುಡಿಯುವುದು, ದೇವದೂಷಣೆ ಇವು ಪಾಪವೆಂದು ಅವರ ಸುತ್ತಲಿನ ಸಮಾಜ ಹೇಳುತ್ತಿತ್ತು, ಅವುಗಳನ್ನು ಬಿಟ್ಟರು. ಗುಲಾಮರನ್ನು ಮಾರುವುದು ಗೌರವಸ್ಥರ ಉದ್ಯೋಗವೆಂದು ಅದೇ ಸಮಾಜ ಹೇಳುತ್ತಿತ್ತು, ಅದನ್ನು ನಡೆಸಿದರು. ಕ್ವೇಕರ್ ಪಂಥದವರು ಎಷ್ಟೋ ಮೊದಲೇ ಆಕ್ಷೇಪ ಎತ್ತಿದ್ದರು. 1785ರ ಡಿಸೆಂಬರ್‌ನಲ್ಲಿ, ಮುಂದೆ ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡಿದ ಯುವ ಸಂಸದ ವಿಲ್ಬರ್‌ಫೋರ್ಸ್ ಗುಟ್ಟಾಗಿ ಸಲಹೆ ಕೇಳಲು ಬಂದಾಗ, ರಾಜಕೀಯ ಬಿಡಬೇಡ, ಅಲ್ಲಿಯೇ ದೇವರ ಸೇವೆ ಮಾಡು ಎಂದು ನ್ಯೂಟನ್ ಹೇಳಿದರು. ಅನಂತರ ಎದ್ದ ಚಳವಳಿ ನ್ಯೂಟನ್ ಅವರ ಬಾಯನ್ನೂ ತೆರೆಸಿತು. ಒಬ್ಬನ ನಂಬಿಕೆ ಕಾಣದೆ ಬಿಟ್ಟ ಪಾಪವನ್ನು ಹಲವರ ನಂಬಿಕೆ ಸೇರಿ ತೋರಿಸಿಕೊಟ್ಟಿತು. ಮೈಸೂರಿನವರಿಗೆ ಒಂದು ರಾತ್ರಿಯ ಕಥೆ ಇಲ್ಲದಿದ್ದರೆ ಚಿಂತೆಯಿಲ್ಲ ಎಂದು ನಾನು ಹೇಳುವುದು ಇದನ್ನು ನೋಡಿಯೇ; ರಾತ್ರಿಯ ಕಥೆ ಇದ್ದವರಿಗೂ ಮುಂದಿನ ನಲವತ್ತು ವರ್ಷಗಳಿಂದ ವಿನಾಯಿತಿ ಇಲ್ಲ.

ಶಿವಮೊಗ್ಗದ ಸ್ನೇಹಿತರ ಮಾತಿಗೂ ಒಂದು ಟಿಪ್ಪಣಿ. ಪಕ್ಕದವರನ್ನು ಕೇಳಿ ಎಂಬ ನಿಮ್ಮ ಅಳತೆ ನಮ್ಮ ಸುವಾರ್ತೆಯದೇ. ಲೂಕನು ಹೇಳುವ ಸುಂಕದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ ತನ್ನ ಮನಸ್ಸಿನಲ್ಲಿ ಏನಾಯಿತೆಂದು ಒಂದು ಮಾತನ್ನೂ ಆಡಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಆ ಸಾಕ್ಷಿಯನ್ನು ಪರೀಕ್ಷಿಸಲು ಯೆರಿಕೋ ಊರಿನಲ್ಲಿ ಸುಂಕ ತೆತ್ತವರಿಗೆ ಸಾಧ್ಯವಿತ್ತು. ಕ್ರಿಸ್ಮಸ್ ಪಾಠದಲ್ಲಿಯೂ ನೋಡಿ: ಗೋದಲಿಯ ಮಗುವನ್ನು ಕಂಡ ಕುರುಬರು ದೇವರನ್ನು ಕೊಂಡಾಡುತ್ತ ಹಿಂತಿರುಗಿದರು ಎಂದಿದೆ. ಹಿಂತಿರುಗಿದ್ದು ಅದೇ ಮಂದೆಗೆ, ಅದೇ ರಾತ್ರಿ ಕಾವಲಿಗೆ. ಹೆರೋದ ಸಿಂಹಾಸನದಲ್ಲಿಯೇ ಇದ್ದ. ಮಗು ಬೆಳೆದು ಬಹಿರಂಗ ಸೇವೆಗೆ ಬರುವಾಗ ಸುಮಾರು ಮೂವತ್ತು ವರ್ಷವಾಗಿತ್ತು.


ಉತ್ತರ: ಮಂಗಳೂರಿನ ಇತಿಹಾಸಾಸಕ್ತ

ಅಯ್ಯನವರು ಇಂಗ್ಲೆಂಡಿಗೆ ಹೋದರು, ಮೇಡಂ ಫ್ರಾನ್ಸಿಗೆ. ನಮ್ಮ ಊರಿನದನ್ನು ನಾನು ಹೇಳಿಬಿಡುತ್ತೇನೆ.

1844ರ ಜನವರಿ 6ರಂದು, ಅಂದರೆ ಮೂಡಣದ ಜೋಯಿಸರು ಶಿಶುವನ್ನು ಕಂಡದ್ದನ್ನು ನೆನೆಯುವ ಹಬ್ಬದ ದಿನ, ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಹದಿನೆಂಟರ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದರು. ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಗುರು ಹೆರ್ಮನ್ ಮೋಗ್ಲಿಂಗ್, ಹಿಂದಿನ ವರ್ಷವಷ್ಟೇ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ್ದವರು. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಹಿಂತಿರುಗಿದರು. ಮುಂದೆ ಮೋಗ್ಲಿಂಗ್ ಮತ್ತು ಅವರು ಕೊಡಗಿನಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳ ನಡುವೆ ಕೆಲಸ ಮಾಡಿದರು. ಆನಂದಪುರ ಎಂಬ ಊರು ಹುಟ್ಟಿದ್ದು ಹಾಗೆ. ಆ ಕಾಲದ ಒಬ್ಬ ಸಾರಸ್ವತ ಬ್ರಾಹ್ಮಣ ದಲಿತರೊಡನೆ ಒಂದೇ ಮೇಜಿನಿಂದ ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವುದೆಂದರೆ ಏನೆಂದು ಇಲ್ಲಿಯ ಓದುಗರಿಗೆ ವಿವರಿಸಬೇಕಿಲ್ಲ. ಮನಸ್ಸಿನ ಬದಲಾವಣೆ ಅಂಗೈ ಮೇಲೆ ಕಾಣುವಂಥ ಬದಲಾವಣೆ ಅದು.

ಆದರೆ ಶಿವಮೊಗ್ಗದವರ ಅಳತೆಯನ್ನು ಇಲ್ಲಿಯೂ ಹಿಡಿಯಬೇಕು. ಕೌಂಡಿನ್ಯರ ಎಳೆವಯಸ್ಸಿನ ಹೆಂಡತಿ ಅವರೊಡನೆ ಬರಲಿಲ್ಲ. ಬಹಳ ವರ್ಷಗಳ ನಂತರ ಅವರು ಒಬ್ಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಗಂಡ ಬದುಕಿದ್ದೂ ಇಲ್ಲದಂತಾದ ಆ ಹೆಣ್ಣುಮಗಳು ಆ ಕಾಲದ ಅಂಥ ಮನೆಯಲ್ಲಿ ಹೇಗೆ ದಿನ ಕಳೆದಿರಬಹುದು? ಮಿಶನ್ನಿನ ವರದಿಗಳ ನಾಯಕ ಆಕೆಯಲ್ಲ. ಕೌಂಡಿನ್ಯರನ್ನು ನಾನು ದೂರುತ್ತಿಲ್ಲ. ಆತ್ಮಸಾಕ್ಷಿಯ ಹಾದಿಯ ಬೆಲೆಯನ್ನು ಹಾದಿ ಹಿಡಿದವನೊಬ್ಬನೇ ತೆರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ನೀವೆಲ್ಲ ಒಬ್ಬೊಬ್ಬರ ಅಂತರಂಗದ ಬಗ್ಗೆ ಬರೆದಿರಿ. ಕರಾವಳಿಯಲ್ಲಿ ಕ್ರೈಸ್ತರಾದ ಬಿಲ್ಲವರಲ್ಲಿ ಅನೇಕರು ಶೇಂದಿ ಇಳಿಸುವ ಕಸುಬಿನವರು. ಹೆಂಡದ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ, ಒಕ್ಕಲು ಕೊಟ್ಟಿದ್ದ ಧನಿಗಳೂ ಕೆಲವೊಮ್ಮೆ ಬಿಡಿಸುತ್ತಿದ್ದರು. ನಂಬಿಕೆ ಬದಲಾದ ಮರುದಿನ ಗಂಜಿಗೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರವಾಗಿಯೇ ಮಿಶನ್ ನೇಯ್ಗೆ, ಮುದ್ರಣ ಮುಂತಾದ ಕೆಲಸಗಳನ್ನು ಹುಡುಕಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ದಿನಗೂಲಿ, ಗಂಟೆಯ ಶಿಸ್ತು, ಉಳಿತಾಯ, ಹೆಣ್ಣುಮಕ್ಕಳಿಗೂ ಅಕ್ಷರ ಇವೆಲ್ಲ ಆ ಮನೆಗಳಿಗೆ ಬಂದವು. ಜೊತೆಗೆ ಸಂಬಳ ಕೊಡುವವನೇ ಪ್ರಸಂಗ ಮಾಡುವವನೂ ಆದರೆ ಆಗುವ ಮುಜುಗರವೂ ಬಂತು, ಅದನ್ನು ಮುಚ್ಚಿಡಬೇಕಾಗಿಲ್ಲ. ‘ನೂತನ ಸೃಷ್ಟಿ’ ಎಂಬುದು ನಮ್ಮ ಹಿರಿಯರಿಗೆ ಮೊದಲು ಅನುಭವಕ್ಕೆ ಬಂದದ್ದು ಬಹುಶಃ ಹೊಸ ಕಸುಬಿನ ರೂಪದಲ್ಲಿ. ಮೈಸೂರಿನವರು ತಮಗೆ ಪೂರ್ವಾರ್ಧವಿಲ್ಲ ಎಂದರು. ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಿ ಅಜ್ಜಂದಿರ ಕಸುಬು ಏನಿತ್ತು, ಯಾರ ಅಂಗಳದಲ್ಲಿ ಕೂರಲು ಬಿಡುತ್ತಿರಲಿಲ್ಲ ಎಂದು ಕೇಳಿದರೆ ಪೂರ್ವಾರ್ಧ ಸಿಕ್ಕೇ ಸಿಗುತ್ತದೆ, ಅದು ಅವರೊಬ್ಬರದಲ್ಲ ಅಷ್ಟೆ.


ಪ್ರಶ್ನೆ ಕೇಳಿದವರ ಮರುನುಡಿ: ಮೈಸೂರಿನ ಓದುಗ

ಎಲ್ಲರಿಗೂ ಕೃತಜ್ಞತೆ. ಶಿವಮೊಗ್ಗದವರ ಮಾತು ಮನಸ್ಸಿಗೆ ನಾಟಿದ್ದರಿಂದ ನಿನ್ನೆ ರಾತ್ರಿ ಮನೆಯವರನ್ನೇ ಕೇಳಿದೆ: ನಂಬಿಕೆಯಿಂದ ನನ್ನಲ್ಲಿ ಏನಾದರೂ ಬದಲಾವಣೆ ಕಂಡಿದ್ದೀಯಾ ಎಂದು. ಆಕೆ ಬಹಳ ಯೋಚಿಸಿ, ಕೋಪವೇನೂ ಕಡಿಮೆಯಾಗಿಲ್ಲ, ಆದರೆ ಕೋಪ ಬಂದ ಮೇಲೆ ಮಾತು ಬಿಡುವ ದಿನಗಳು ಕಡಿಮೆಯಾಗಿವೆ ಎಂದಳು. ಅದಾದ ಮೇಲೆ, ಆದರೆ ಊರಿನ ಮನೆ ಪಾಲಾದಾಗಿನಿಂದ ನಿಮ್ಮ ಅಣ್ಣನೊಡನೆ ಮಾತಿಲ್ಲವಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂದೂ ಕೇಳಿದಳು. ಮೊದಲನೆಯದನ್ನು ಸಾಕ್ಷಿಯಲ್ಲಿ ಹೇಳಬಹುದೆಂದು ತೋರುತ್ತದೆ. ಎರಡನೆಯದನ್ನು ಹೇಳಬೇಕೇ, ಬಿಡಬೇಕೇ ಎಂಬುದು ತಿಳಿಯುತ್ತಿಲ್ಲ. ಅಯ್ಯನವರು ಏನನ್ನುತ್ತೀರಿ?


ಉತ್ತರ: ಧಾರವಾಡದ ಸಭಾಪಾಲಕ

ಮೊದಲನೆಯದನ್ನು ನಿಮ್ಮ ಮನೆಯವರು ಹೇಳಿದ ಮಾತಿನಲ್ಲಿಯೇ ಹೇಳಿ, ಏನನ್ನೂ ಸೇರಿಸಬೇಡಿ. ಆದರೆ ಅವರ ಅನುಮತಿ ಕೇಳಿಕೊಳ್ಳಿ, ಅದು ಅವರ ಸಾಕ್ಷಿ.

ಎರಡನೆಯದನ್ನು ವೇದಿಕೆಗೆ ತರಬೇಡಿ. ನಿಮ್ಮ ಅಣ್ಣ ಅಲ್ಲಿ ಇರುವುದಿಲ್ಲ, ಅವರ ಪರವಾಗಿ ಮಾತನಾಡುವವರೂ ಇರುವುದಿಲ್ಲ. ಯಜ್ಞವೇದಿಯ ಬಳಿ ಕಾಣಿಕೆಯನ್ನು ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಮೂವತ್ತೊಂದಕ್ಕೆ ಇನ್ನೂ ದಿನಗಳಿವೆ. ಹೋಗಲು ಆಗದಷ್ಟು ದೂರವಿದ್ದರೆ ಹಬ್ಬದ ನೆಪದಲ್ಲಿ ಫೋನ್ ಮಾಡಿ, ಪಾಲಿನ ವಿಷಯವನ್ನು ಆ ಕರೆಯಲ್ಲಿ ಎತ್ತಬೇಡಿ. ಅವರು ಕರೆ ಸ್ವೀಕರಿಸದಿದ್ದರೆ ಜನವರಿಯಲ್ಲಿ ಮತ್ತೆ ಮಾಡಿ.